ಒಂದೇ ಹಾಡು, ಹದಿನೆಂಟು ನಿಮಿಷ: ಪ್ರೊಗ್ರೆಸಿವ್ ರಾಕ್ ಮತ್ತು ಸೈಕಡೆಲಿಕ್ ಫೋಕ್ ಸಂಗೀತದ ಒಳಹೊರಗು

ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ದಾಟಿತು. 1987ರ ನಂತರ ಹಾಗಾದದ್ದು ಅದೇ ಮೊದಲು. ಅಟ್ಟ ಸೇರಿದ್ದ ಕಪ್ಪು ತಟ್ಟೆ ಮತ್ತೆ ಅಂಗಡಿಗೆ ಬಂದಾಗ, ಅದಕ್ಕೆಂದೇ ಕಟ್ಟಿದ್ದ ಸಂಗೀತವೂ ಅದರ ಬೆನ್ನಿಗೇ ಬಂದಿದೆ. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಜೆಥ್ರೊ ಟಲ್, ಪಿಂಕ್ ಫ್ಲಾಯ್ಡ್. ಇನ್ನೊಂದು ಕಡೆ ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, ಫೇರ್‌ಪೋರ್ಟ್ ಕನ್ವೆನ್ಶನ್, ಪೆಂಟ್ಯಾಂಗಲ್. ಈ ತಂಡಗಳು ಹುಟ್ಟಿದಾಗ ಯಾರ ಅಪ್ಪ ಅಮ್ಮಂದಿರು ಶಾಲೆಗೆ ಹೋಗುತ್ತಿದ್ದರೋ ಅಂಥ ಹುಡುಗ ಹುಡುಗಿಯರು ಇಂದು ಇವರನ್ನು ಹುಡುಕಿ ಕೇಳುತ್ತಿದ್ದಾರೆ.

ಆದರೆ ಮೊದಲ ಬಾರಿಗೆ ಕೇಳುವವರು ಬಹುಬೇಗ ಎಡವುತ್ತಾರೆ. ಹಾಡು ಹದಿನೆಂಟು ನಿಮಿಷ ನಡೆಯುತ್ತದೆ. ಪಲ್ಲವಿ ಯಾವುದೆಂದು ತಿಳಿಯುವುದಿಲ್ಲ. ಕಾಲಿನಲ್ಲಿ ತಾಳ ಹಾಕಲು ಹೋದರೆ ತಪ್ಪುತ್ತದೆ. ಗಾಯಕರು ಬಾಯಿ ತೆರೆಯುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿರುತ್ತದೆ. ಈ ಸಂಗೀತವನ್ನು ಬಹುಕಾಲದಿಂದ ಪ್ರೀತಿಸಿಕೊಂಡು ಬಂದವನಾಗಿ ನಾನು ಇಲ್ಲಿ ಹೇಳಲು ಹೊರಟಿರುವುದು ಇಷ್ಟು: ಇಲ್ಲಿನ ಉದ್ದ ಆಡಂಬರವಲ್ಲ, ಅದೊಂದು ರಚನಾಕ್ರಮ, ಮತ್ತು ಪ್ರೊಗ್ರೆಸಿವ್ ರಾಕ್, ಸೈಕಡೆಲಿಕ್ ಫೋಕ್ ಎಂದು ಬೇರೆ ಬೇರೆ ಕಪಾಟುಗಳಲ್ಲಿ ಇಡುವ ಈ ಎರಡು ಸಂಗೀತಗಳು ಒಂದೇ ಮನೆಯಲ್ಲಿ ಬೆಳೆದವು. ಜೊತೆಯಾಗಿ ಕೇಳಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಮೊದಲು ಹೆಸರುಗಳು

1960ರ ದಶಕದ ಆರಂಭದ ರಾಕ್ ಹಾಡು ಎಂದರೆ ಸುಮಾರು ಮೂರು ನಿಮಿಷದ ರಚನೆ. ಎರಡು ಮೂರು ಚರಣಗಳು, ಮತ್ತೆ ಮತ್ತೆ ಬರುವ ಪಲ್ಲವಿ, ನಡುವೆ ಸ್ವಲ್ಪ ಗಿಟಾರ್, ನಾಲ್ಕು ಎಣಿಕೆಯ ತಾಳ. ಪ್ರೊಗ್ರೆಸಿವ್ ರಾಕ್ ಈ ಚೌಕಟ್ಟನ್ನು ಮುರಿದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ಹಲವು ಭಾಗಗಳ ದೀರ್ಘ ರಚನೆಯನ್ನೂ, ಜಾಝ್‌ನಿಂದ ಮನೋಧರ್ಮದ ವಿಸ್ತಾರವನ್ನೂ ತಂದು ರಾಕ್‌ನ ವಿದ್ಯುತ್ ವಾದ್ಯಗಳ ಮೇಲೆ ನಿಲ್ಲಿಸಿತು.

ಸೈಕಡೆಲಿಕ್ ಎಂಬ ವಿಶೇಷಣ ಎಲ್‌ಎಸ್‌ಡಿಯಂಥ ಮಾದಕಗಳ ಕಾಲದ್ದು. ಸಮಯ ಹಿಗ್ಗಿದಂತೆ, ಬಣ್ಣ ಮತ್ತು ಧ್ವನಿ ಒಂದರೊಳಗೊಂದು ಬೆರೆತಂತೆ ತೋರುವ ಮನಃಸ್ಥಿತಿಯನ್ನು ಧ್ವನಿಯಲ್ಲಿ ಹಿಡಿಯುವ ಪ್ರಯತ್ನ ಅದು. ಆ ಪ್ರಯತ್ನ ಬ್ರಿಟನ್ನಿನ ಹಳೆಯ ಜನಪದ ಕಥನಗೀತೆಗಳನ್ನು ಮತ್ತು ಅವುಗಳ ಧಾಟಿಯ ಹೊಸ ಹಾಡುಗಳನ್ನು ಸೇರಿದಾಗ ಸೈಕಡೆಲಿಕ್ ಫೋಕ್ ಆಯಿತು. ಇಲ್ಲಿ ಪಿಯಾನೋ, ಡ್ರಮ್‌ಗಳಿಗಿಂತ ತಂತಿವಾದ್ಯ, ಕೊಳಲು, ಎಡೆಬಿಡದ ಶ್ರುತಿ ಮತ್ತು ಬರಿಯ ಕಂಠಕ್ಕೆ ಹೆಚ್ಚು ಜಾಗ. ಎರಡರ ತುಂಬುಕಾಲವೂ ಹೆಚ್ಚುಕಡಿಮೆ 1966ರಿಂದ 1975ರವರೆಗೆ. ಮುಖ್ಯ ನೆಲೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್.

ಒಂದೇ ಮನೆ ಎಂದೇಕೆ ಹೇಳುವುದು

ಅದಕ್ಕೆ ಸಾಕ್ಷಿಯಾಗಿ ಒಬ್ಬ ವ್ಯಕ್ತಿಯನ್ನು ಹಿಂಬಾಲಿಸಿದರೆ ಸಾಕು. ಅಮೆರಿಕದಿಂದ ಲಂಡನ್ನಿಗೆ ಬಂದಿದ್ದ ಜೋ ಬಾಯ್ಡ್ 1966ರ ಡಿಸೆಂಬರಿನಲ್ಲಿ ಜಾನ್ ಹಾಪ್ಕಿನ್ಸ್ ಜೊತೆ ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯಲ್ಲಿ ಯುಎಫ್‌ಓ ಎಂಬ ಕ್ಲಬ್ ತೆರೆದರು. ಗೋಡೆಯ ಮೇಲೆ ಹರಿಯುವ ಬಣ್ಣದ ಬೆಳಕು, ರಾತ್ರಿಯಿಡೀ ಸಂಗೀತ. ಪಿಂಕ್ ಫ್ಲಾಯ್ಡ್ ಹೆಸರು ಮಾಡಿದ್ದು ಅಲ್ಲಿ. ಆ ತಂಡದ ಮೊದಲ ಸಿಂಗಲ್ ತಟ್ಟೆಯನ್ನು 1967ರಲ್ಲಿ ನಿರ್ಮಿಸಿದವರು ಇದೇ ಬಾಯ್ಡ್. ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, ಫೇರ್‌ಪೋರ್ಟ್ ಕನ್ವೆನ್ಶನ್, ನಿಕ್ ಡ್ರೇಕ್, ವಾಷ್ಟಿ ಬನ್ಯನ್ ಅವರ ಧ್ವನಿಮುದ್ರಣಗಳನ್ನು ನಿರ್ಮಿಸಿದವರೂ ಅವರೇ.

ಇನ್ನೂ ಹತ್ತಿರದ ನಂಟುಗಳಿವೆ. ಫೇರ್‌ಪೋರ್ಟ್ ತಂಡದ ಮೊದಲ ಗಾಯಕಿ ಜೂಡಿ ಡೈಬಲ್ 1968ರಲ್ಲಿ ಆ ತಂಡ ಬಿಟ್ಟ ಮೇಲೆ ಸ್ವಲ್ಪ ಕಾಲ ಜೊತೆಗೂಡಿ ಹಾಡಿದ ಸಣ್ಣ ಬಳಗವೇ ಮುಂದೆ ಕಿಂಗ್ ಕ್ರಿಮ್ಸನ್ ಆಗಿ ಬದಲಾಯಿತು. ಇಎಂಐ ಎಂಬ ಧ್ವನಿಮುದ್ರಣ ಸಂಸ್ಥೆ 1969ರಲ್ಲಿ ಹಾರ್ವೆಸ್ಟ್ ಎಂಬ ಲೇಬಲ್ ಆರಂಭಿಸಿದಾಗ ಪಿಂಕ್ ಫ್ಲಾಯ್ಡ್ ಮತ್ತು ಜನಪದ ಗಾಯಕಿ ಶರ್ಲಿ ಕಾಲಿನ್ಸ್ ಇಬ್ಬರ ತಟ್ಟೆಗಳೂ ಅದರಡಿಯಲ್ಲೇ ಹೊರಬಂದವು. ಐಲೆಂಡ್ ಲೇಬಲ್ಲಿನ ಪಟ್ಟಿಯಲ್ಲಿ ಕಿಂಗ್ ಕ್ರಿಮ್ಸನ್ ಮತ್ತು ಫೇರ್‌ಪೋರ್ಟ್ ಅಕ್ಕಪಕ್ಕ ಇದ್ದವು. ಕೇಳುಗರೂ ಅವರೇ: ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳ ಸಭಾಂಗಣದಲ್ಲಿ ಕುಳಿತು, ಕುಣಿಯದೆ, ಗಮನವಿಟ್ಟು ಆಲಿಸುತ್ತಿದ್ದ ಯುವಜನ. ರೇಡಿಯೋದಲ್ಲಿ ಜಾನ್ ಪೀಲ್ ಎರಡನ್ನೂ ಒಂದೇ ಕಾರ್ಯಕ್ರಮದಲ್ಲಿ ಹಾಕುತ್ತಿದ್ದರು.

ತಟ್ಟೆಯ ಒಂದು ಬದಿ ಎಂಬ ಅಳತೆ

ಹಾಡು ಇಷ್ಟು ಉದ್ದವಾದದ್ದು ಏಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ತಟ್ಟೆಯಲ್ಲೇ ಇದೆ. ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ಸಿಂಗಲ್ ತಟ್ಟೆಯ ಒಂದು ಬದಿಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ನಿಮಿಷದ ಸಂಗೀತ ಇರುತ್ತಿತ್ತು. ಅಮೆರಿಕದ ಕೊಲಂಬಿಯಾ ಸಂಸ್ಥೆ 1948ರಲ್ಲಿ ತಂದ ಹನ್ನೆರಡು ಇಂಚಿನ ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ. ಅದರ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುತ್ತದೆ. ಅದಕ್ಕಿಂತ ತುಂಬ ಉದ್ದ ಮಾಡಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ, ಆಗ ಧ್ವನಿಯ ಮಟ್ಟ ತಗ್ಗುತ್ತದೆ. ಹಾಗಾಗಿ ಇಪ್ಪತ್ತು ಚಿಲ್ಲರೆ ನಿಮಿಷ ಎಂಬುದು ಒಂದು ಸಹಜ ಗಡಿಯಾಯಿತು.

ರಾಕ್ ತಂಡಗಳಿಗೆ ಎಲ್‌ಪಿ ಬಹುಕಾಲ ಚಿಕ್ಕ ಹಾಡುಗಳ ಸಂಗ್ರಹವಷ್ಟೇ ಆಗಿತ್ತು. 1967ರ ಸುಮಾರಿಗೆ ಆ ಬದಿಯನ್ನು ಒಂದೇ ರಚನೆಯ ವಿಸ್ತಾರಕ್ಕೆ ಬಳಸಬಹುದೆಂಬ ಅರಿವು ಮೂಡಿತು. ನಮ್ಮ ಕಛೇರಿಯಲ್ಲಿ ಐದು ನಿಮಿಷದ ದೇವರನಾಮವೂ ಇರುತ್ತದೆ, ಒಂದು ಗಂಟೆಯ ರಾಗ-ತಾನ-ಪಲ್ಲವಿಯೂ ಇರುತ್ತದೆ. ಎರಡನೆಯದನ್ನು ನಾವು ಉದ್ದದ ದೇವರನಾಮವೆಂದು ತಿಳಿಯುವುದಿಲ್ಲ, ಅದರ ನಡಿಗೆಯೇ ಬೇರೆಯೆಂದು ಬಲ್ಲೆವು. ಜೆನೆಸಿಸ್ ತಂಡದ 1972ರ ‘ಸಪ್ಪರ್ಸ್ ರೆಡಿ’ ಏಳು ಭಾಗಗಳಲ್ಲಿ ಸುಮಾರು ಇಪ್ಪತ್ತಮೂರು ನಿಮಿಷ ಸಾಗುವುದನ್ನು ಈ ಅರ್ಥದಲ್ಲಿ ಕೇಳಬೇಕು. ಅದೇ ವರ್ಷ ಜೆಥ್ರೊ ಟಲ್ ‘ಥಿಕ್ ಆ್ಯಸ್ ಎ ಬ್ರಿಕ್’ ಎಂಬ ಒಂದೇ ಹಾಡನ್ನು ತಟ್ಟೆಯ ಎರಡೂ ಬದಿಗೆ ಹರಡಿ, ಅದರ ಹೊದಿಕೆಯನ್ನು ಹನ್ನೆರಡು ಪುಟಗಳ ಊರಿನ ಪತ್ರಿಕೆಯಾಗಿ ಅಚ್ಚು ಹಾಕಿಸಿತು. ಅದು ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತೆಂದರೆ ಆ ಕಾಲದ ಕೇಳುಗರ ತಾಳ್ಮೆಯನ್ನು ಊಹಿಸಿಕೊಳ್ಳಬಹುದು.

ಟೇಪಿನಿಂದ ಉಸಿರಾಡುವ ಯಂತ್ರ

ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ 1969ರ ಅಕ್ಟೋಬರಿನಲ್ಲಿ ಬಂತು. ಪ್ರೊಗ್ರೆಸಿವ್ ರಾಕ್ ಪೂರ್ಣರೂಪದಲ್ಲಿ ಕಾಣಿಸಿಕೊಂಡ ಮೊದಲ ತಟ್ಟೆ ಎಂದು ಬಹಳ ಮಂದಿ ಅದನ್ನೇ ತೋರಿಸುತ್ತಾರೆ. ಅದರಲ್ಲಿ ದೊಡ್ಡ ಪಿಟೀಲು ಮೇಳದಂತೆ ಕೇಳುವ, ಆದರೆ ಎಲ್ಲೋ ಸ್ವಲ್ಪ ನಡುಗುವ, ಮಂಜು ಕವಿದಂಥ ಒಂದು ಧ್ವನಿ ಇದೆ. ಅಲ್ಲಿ ಮೇಳವೂ ಇಲ್ಲ, ಪಿಟೀಲುಗಾರರೂ ಇಲ್ಲ. ಅದು ಮೆಲೊಟ್ರಾನ್.

ಬರ್ಮಿಂಗ್‌ಹ್ಯಾಮ್ ಬಳಿಯ ಸ್ಟ್ರೀಟ್ಲಿಯಲ್ಲಿ ತಯಾರಾಗುತ್ತಿದ್ದ ಈ ವಾದ್ಯ ಹೊರಗಿನಿಂದ ನೋಡಲು ಆರ್ಗನ್ನಿನಂತಿದೆ. ಒಳಗೆ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇದೆ. ಆ ಪಟ್ಟಿಯ ಮೇಲೆ ನಿಜವಾದ ಪಿಟೀಲುಗಳೋ ಕೊಳಲುಗಳೋ ನುಡಿಸಿದ ಆಯಾ ಸ್ವರ ಮುದ್ರಿತವಾಗಿರುತ್ತದೆ. ಕೀಲಿ ಒತ್ತಿದಾಗ ಟೇಪು ಓದುವ ತಲೆಗೆ ತಾಗಿ ಚಲಿಸತೊಡಗುತ್ತದೆ. ಸುಮಾರು ಎಂಟು ಸೆಕೆಂಡಿಗೆ ಪಟ್ಟಿ ಮುಗಿದು ಧ್ವನಿ ನಿಲ್ಲುತ್ತದೆ. ಬೆರಳು ತೆಗೆದೊಡನೆ ಸ್ಪ್ರಿಂಗ್ ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಎಂಟು ಸೆಕೆಂಡಿನೊಳಗೆ ಸ್ವರ ಬದಲಿಸುವ ಹಾಗೆ ರಾಗವನ್ನು ಹೊಸೆಯಬೇಕು. ಹಲವು ಟೇಪುಗಳು ಒಟ್ಟಿಗೆ ಓಡುವಾಗ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುವುದರಿಂದಲೇ ಆ ನಡುಕ. ಯಂತ್ರದ ಕೊರತೆಯೇ ಒಂದು ಕಾಲದ ಭಾವವಾಗಿ ನಿಂತ ಇಂಥ ಉದಾಹರಣೆ ಸಂಗೀತದಲ್ಲಿ ಅಪರೂಪ. ಬೀಟಲ್ಸ್ 1967ರ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಆರಂಭದ ಕೊಳಲು ಇದರದೇ. ಮೂಡಿ ಬ್ಲೂಸ್ ತಂಡದ ಮೈಕ್ ಪಿಂಡರ್ ಅಂತೂ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು. ವಾದ್ಯದ ಹುಳುಕು ಹೊಳಪುಗಳೆರಡನ್ನೂ ಒಳಗಿನಿಂದ ಅರಿತಿದ್ದರು.

ತಾಳ ಏಕೆ ತಪ್ಪುತ್ತದೆ

ಈ ವಿಷಯದಲ್ಲಿ ಕನ್ನಡದ ಕೇಳುಗರಿಗೆ ಒಂದು ಅನುಕೂಲವಿದೆ. ಪಾಶ್ಚಾತ್ಯ ಜನಪ್ರಿಯ ಸಂಗೀತ ಬಹುಪಾಲು ನಾಲ್ಕು ಅಥವಾ ಮೂರು ಎಣಿಕೆಯಲ್ಲಿ ನಡೆಯುವುದರಿಂದ ಐದು, ಏಳು, ಒಂಬತ್ತರ ಎಣಿಕೆ ಅಲ್ಲಿನವರಿಗೆ ಕುಂಟಿದಂತೆ ಕೇಳುತ್ತದೆ. ಖಂಡಚಾಪು ಮತ್ತು ಮಿಶ್ರಚಾಪುಗಳನ್ನು ಕೇಳಿ ಬೆಳೆದ ಕಿವಿಗೆ ಅದು ಹೊಸದಲ್ಲ.

ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಹಾಡನ್ನು ಹಾಕಿ, ಬೇಸ್ ಗಿಟಾರಿನ ಆರಂಭದ ಪಂಕ್ತಿಗೆ ಏಳು ಎಣಿಸಿ ನೋಡಿ, ಸರಿಯಾಗಿ ಕೂರುತ್ತದೆ. ಒತ್ತು ಬೀಳುವ ಜಾಗ ನಮ್ಮ ಮಿಶ್ರಚಾಪಿನದಲ್ಲ, ಆದರೆ ಎಣಿಕೆ ಅದೇ. ಸ್ಯಾಕ್ಸೊಫೋನ್ ವಾದನವೂ ಏಳರಲ್ಲೇ ನಡೆದು, ಗಿಟಾರಿನ ಸರದಿ ಬಂದಾಗ ತಂಡ ನಾಲ್ಕಕ್ಕೆ ಇಳಿಯುತ್ತದೆ. ಆಗ ಬಿಗಿದಿದ್ದ ಹಗ್ಗ ಸಡಿಲವಾದಂತೆ ಸಂಗೀತ ಮುಂದಕ್ಕೆ ಧಾವಿಸುವುದನ್ನು ಗಮನಿಸಬೇಕು. ತಾಳದ ಬದಲಾವಣೆ ಇಲ್ಲಿ ಕೇಳುಗನ ಮೈಯಲ್ಲಿ ಆಗುವ ಬದಲಾವಣೆ.

ಜಾನಪದದ ಕಡೆಯವರೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ನಿಕ್ ಡ್ರೇಕ್ ಅವರ 1969ರ ‘ರಿವರ್ ಮ್ಯಾನ್’ ಐದರ ಎಣಿಕೆಯಲ್ಲಿ ಒಮ್ಮೆಯೂ ಎಡವದೆ ಹರಿಯುತ್ತದೆ. ಪೆಂಟ್ಯಾಂಗಲ್ ತಂಡದ ‘ಲೈಟ್ ಫ್ಲೈಟ್’ ಐದು ಮತ್ತು ಏಳರ ನಡುವೆ ಓಡಾಡಿ, ನಡುವೆ ಆರಕ್ಕೆ ಹೊರಳುತ್ತದೆ. ಇಷ್ಟಾಗಿಯೂ ಅದು ಬಿಬಿಸಿಯ ಒಂದು ಧಾರಾವಾಹಿಯ ಶೀರ್ಷಿಕೆ ಸಂಗೀತವಾಗಿ ಬ್ರಿಟನ್ನಿನ ಮನೆಮನೆಯನ್ನೂ ತಲುಪಿತು. ಜಾಕಿ ಮೆಕ್‌ಶೀ ಅವರ ಹಗುರ ಕಂಠ ಕೇಳುವವರಿಗೆ ಅದರ ಕೆಳಗಿನ ಲೆಕ್ಕದ ಸುಳಿವೂ ಸಿಗುವುದಿಲ್ಲ.

ಹದಿನೆಂಟು ನಿಮಿಷದೊಳಗೆ ಏನಾಗುತ್ತದೆ

ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ 1972ರದ್ದು. ಹದಿನೆಂಟು ಮುಕ್ಕಾಲು ನಿಮಿಷದ ಈ ಶೀರ್ಷಿಕೆ ಹಾಡು ತಟ್ಟೆಯ ಮೊದಲ ಬದಿಯನ್ನು ತುಂಬುತ್ತದೆ. ಇದರ ಹಾದಿಯನ್ನು ಒಮ್ಮೆ ಹಿಡಿದರೆ ಉಳಿದ ದೀರ್ಘ ರಚನೆಗಳು ತಾವಾಗಿ ತೆರೆದುಕೊಳ್ಳುತ್ತವೆ.

ಆರಂಭದಲ್ಲಿ ಹರಿಯುವ ನೀರು ಮತ್ತು ಹಕ್ಕಿಗಳ ದನಿ ನಿಧಾನವಾಗಿ ಏರುತ್ತದೆ. ಅದು ತುಂಬಿ ಬಂದ ಕ್ಷಣದಲ್ಲಿ ಗಿಟಾರ್, ಬೇಸ್, ಡ್ರಮ್ ಮೂರೂ ಒಮ್ಮೆಗೇ ಬೇರೆ ಬೇರೆ ದಿಕ್ಕಿಗೆ ಓಡುವಂತೆ ನುಗ್ಗುತ್ತವೆ. ನಡುನಡುವೆ ಕಂಠಗಳು ಒಂದೇ ಸ್ವರದಲ್ಲಿ ಕೂಗಿ, ಎಲ್ಲವೂ ತಟ್ಟನೆ ನಿಂತು, ಮತ್ತೆ ಹೊರಡುತ್ತದೆ. ಹೊಸಬರು ಇಲ್ಲೇ ಕೈಬಿಡುತ್ತಾರೆ. ಮೂರು ನಿಮಿಷ ಸಹಿಸಿದರೆ ಆ ಗದ್ದಲದಿಂದ ಗಿಟಾರಿನ ಒಂದು ಸ್ಪಷ್ಟ ರಾಗ ಮೇಲೆದ್ದು ಬರುತ್ತದೆ. ಸ್ಟೀವ್ ಹೌ ನುಡಿಸುವ ಆ ರಾಗವನ್ನು ನೆನಪಿಟ್ಟುಕೊಳ್ಳಬೇಕು. ನಾಲ್ಕನೇ ನಿಮಿಷದ ಹೊತ್ತಿಗೆ ಜಾನ್ ಆ್ಯಂಡರ್ಸನ್ ಹಾಡತೊಡಗುತ್ತಾರೆ. ಎರಡನೆಯ ಭಾಗದಲ್ಲಿ ಅದೇ ಹಾಡು ಬೇರೆ ತಾಳಗತಿಯ ಮೇಲೆ ಬರುತ್ತದೆ. ಮೂರನೆಯ ಭಾಗದಲ್ಲಿ ತಾಳ ಹೆಚ್ಚುಕಡಿಮೆ ಕರಗಿ, ದೂರದಿಂದ ಬರುವಂಥ ಕಂಠಗಳು ಒಂದಕ್ಕೊಂದು ಉತ್ತರಿಸುತ್ತವೆ. ಆ ಮೌನಕ್ಕೆ ರಿಕ್ ವೇಕ್‌ಮನ್ ನುಡಿಸಿದ ಪೈಪ್ ಆರ್ಗನ್ ಒಮ್ಮೆಲೇ ಇಳಿಯುತ್ತದೆ. ಅದು ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನ ಆರ್ಗನ್. ಅಲ್ಲಿಗೇ ಹೋಗಿ ಮುದ್ರಿಸಿಕೊಂಡು ಬಂದರು. ಕೊನೆಯ ಭಾಗದಲ್ಲಿ ಮೊದಲ ಹಾಡು ಇನ್ನಷ್ಟು ಎತ್ತರಕ್ಕೆ ಏರಿ ಮರಳುತ್ತದೆ, ನಂತರ ನೀರು ಮತ್ತು ಹಕ್ಕಿಗಳು ಉಳಿಯುತ್ತವೆ.

ಇಲ್ಲಿನ ನದಿಗೆ ಪ್ರೇರಣೆ ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿ. ಅಲ್ಲಿ ಸಿದ್ಧಾರ್ಥ ನದಿಯ ದಂಡೆಯಲ್ಲಿ ಕುಳಿತು ಅದರ ದನಿಯನ್ನು ಆಲಿಸಿ ತಿಳಿವನ್ನು ಪಡೆಯುತ್ತಾನೆ. ಕಥೆ ಗೊತ್ತಿದ್ದವರಿಗೆ ಆರಂಭದ ಗದ್ದಲ ಮತ್ತು ಅಂತ್ಯದ ಬಿಡುಗಡೆ ಎರಡೂ ಅರ್ಥವಾಗುತ್ತವೆ. ಇಷ್ಟೆಲ್ಲವನ್ನೂ ತಂಡ ಒಂದೇ ಉಸಿರಿಗೆ ನುಡಿಸಲಿಲ್ಲ. ಸ್ಟುಡಿಯೋದಲ್ಲಿ ತುಣುಕು ತುಣುಕಾಗಿ ಮುದ್ರಿಸಿ, ಟೇಪು ಕತ್ತರಿಸಿ ಅಂಟಿಸಿ ಕಟ್ಟಿದ ರಚನೆ ಇದು. ಆಮೇಲೆ ವೇದಿಕೆಯಲ್ಲಿ ನುಡಿಸಲು ತಾವೇ ಕಟ್ಟಿದ್ದನ್ನು ಮತ್ತೆ ಕಲಿಯಬೇಕಾಯಿತು. ಡ್ರಮ್ ವಾದಕ ಬಿಲ್ ಬ್ರೂಫರ್ಡ್ ಮಾತ್ರ ಮುದ್ರಣ ಮುಗಿದ ಮೇಲೆ ತಂಡ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದರು.

ಹಳೆಯ ಕಥನಗೀತೆ ಹಿಗ್ಗಿದ ಬಗೆ

ಪ್ರೊಗ್ರೆಸಿವ್ ರಾಕ್ ಕತ್ತರಿ ಮತ್ತು ಲೆಕ್ಕದಿಂದ ಉದ್ದವಾದರೆ ಸೈಕಡೆಲಿಕ್ ಫೋಕ್ ಬೇರೆ ದಾರಿಯಲ್ಲಿ ಅಲ್ಲಿಗೆ ತಲುಪಿತು. ಜನಪದ ಕಥನಗೀತೆಗೆ ಉದ್ದ ಮೊದಲೇ ಇತ್ತು. ಕಥೆ ಮುಗಿಯುವವರೆಗೆ ನುಡಿಯ ಮೇಲೆ ನುಡಿ ಬರುತ್ತದೆ, ಪಲ್ಲವಿ ಇರಲೇಬೇಕೆಂದಿಲ್ಲ.

ಫೇರ್‌ಪೋರ್ಟ್ ಕನ್ವೆನ್ಶನ್ 1969ರಲ್ಲಿ ಹಾಡಿದ ‘ಎ ಸೈಲರ್ಸ್ ಲೈಫ್’ ಅಂಥ ಒಂದು ಹಳೆಯ ಹಾಡು. ಹಡಗಿನಲ್ಲಿ ಹೋದ ನಲ್ಲನನ್ನು ಹುಡುಕಿ ಹುಡುಗಿಯೊಬ್ಬಳು ಸಣ್ಣ ದೋಣಿಯಲ್ಲಿ ಹೊರಡುತ್ತಾಳೆ, ಅವನು ಮುಳುಗಿದ ಸುದ್ದಿ ಕೇಳುತ್ತಾಳೆ, ತನ್ನ ದೋಣಿಯನ್ನು ಬಂಡೆಗೆ ಅಪ್ಪಳಿಸಿಕೊಳ್ಳುತ್ತಾಳೆ. ಸ್ಯಾಂಡಿ ಡೆನಿ ಅದನ್ನು ಹಾಡುವಾಗ ಅಳುವುದಿಲ್ಲ. ದನಿಯನ್ನು ಎತ್ತರಿಸುವುದೂ ಕಡಿಮೆ. ಕೆಳಗೆ ಡ್ರಮ್ ಸೆಟ್ಟಿನ ಕಂಚಿನ ತಾಳಗಳ ಮೊರೆತ ಅಲೆಯಂತೆ ಉರುಳುತ್ತಿರುತ್ತದೆ. ಮಾತು ಮುಗಿದ ಮೇಲೆ ರಿಚರ್ಡ್ ಥಾಂಪ್ಸನ್ ಅವರ ವಿದ್ಯುತ್ ಗಿಟಾರ್ ಮತ್ತು ಅತಿಥಿಯಾಗಿ ಬಂದಿದ್ದ ಡೇವ್ ಸ್ವಾರ್ಬ್ರಿಕ್ ಅವರ ಪಿಟೀಲು ಒಂದರ ಮೇಲೊಂದು ಏರಿ, ಹುಡುಗಿ ಹೇಳದೆ ಬಿಟ್ಟದ್ದನ್ನು ನುಡಿಸುತ್ತವೆ. ಹನ್ನೊಂದು ನಿಮಿಷದ ಈ ಹಾಡನ್ನು ಒಂದೇ ಸಲಕ್ಕೆ ಮುದ್ರಿಸಲಾಯಿತು. ಆ ಡ್ರಮ್ ನುಡಿಸಿದ ಮಾರ್ಟಿನ್ ಲ್ಯಾಂಬಲ್ ಆ ತಟ್ಟೆ ಹೊರಬರುವ ಮೊದಲೇ, 1969ರ ಮೇ 12ರಂದು, ಎಂ1 ಹೆದ್ದಾರಿಯಲ್ಲಿ ತಂಡದ ವಾಹನ ಉರುಳಿದಾಗ ತೀರಿಕೊಂಡರು. ಅವರಿಗೆ ಆಗ 19 ವರ್ಷ. ಉಳಿದವರು ಹ್ಯಾಂಪ್‌ಶೈರ್‌ನ ಒಂದು ಹಳ್ಳಿಮನೆಯಲ್ಲಿ ಚೇತರಿಸಿಕೊಳ್ಳುತ್ತ, ಹಳೆಯ ಹಾಡುಗಳ ಸಂಗ್ರಹಗಳನ್ನು ಶೋಧಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ತಂದ ‘ಲೀಜ್ ಆ್ಯಂಡ್ ಲೀಫ್’ ಇಂಗ್ಲಿಷ್ ಜನಪದ ರಾಕ್‌ಗೆ ಮೂಲಗ್ರಂಥದಂತಾಯಿತು.

ಸ್ಕಾಟ್ಲೆಂಡಿನ ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್ ಹೆಚ್ಚು ವಿಲಕ್ಷಣ. ರಾಬಿನ್ ವಿಲಿಯಮ್ಸನ್ ಮತ್ತು ಮೈಕ್ ಹೆರನ್ ಇಬ್ಬರೇ ಸಿತಾರ್, ಅರಬ್ಬರ ತಂತಿವಾದ್ಯ ಊದ್, ಮೊರಾಕ್ಕೊದ ಗಿಂಬ್ರಿ, ಕೊಳಲು, ಹಾರ್ಪ್ಸಿಕಾರ್ಡ್ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸುತ್ತಿದ್ದರು. 1968ರ ಆಲ್ಬಮ್ಮಿನಲ್ಲಿರುವ ‘ಎ ವೆರಿ ಸೆಲ್ಯುಲರ್ ಸಾಂಗ್’ ಹದಿಮೂರು ನಿಮಿಷದ್ದು. ಬಹಾಮಾ ದ್ವೀಪಗಳ ಒಂದು ಭಕ್ತಿಗೀತೆಯೂ, ಅಮೀಬಾ ತನ್ನ ಕಥೆ ಹೇಳಿಕೊಳ್ಳುವ ಭಾಗವೂ ಅದರಲ್ಲಿವೆ. ಆ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಐದನೇ ಸ್ಥಾನ ಮುಟ್ಟಿತು. ಇವರ ಹೆಸರು ಇಂದು ಹೆಚ್ಚು ಕೇಳಿಸದಿರಲು ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವ ಕೂಡ ಒಂದು ಕಾರಣವೆನ್ನುತ್ತಾರೆ. ಶುಕ್ರವಾರ ರಾತ್ರಿ ಮಳೆಯಲ್ಲಿ ನುಡಿಸಲೊಪ್ಪದೆ ಶನಿವಾರ ಹಗಲು, ಅಬ್ಬರದ ತಂಡಗಳ ನಡುವೆ, ಇವರು ವೇದಿಕೆ ಏರಿದರು.

ಭಾರತದಿಂದ ಹೋದದ್ದೇನು

ಸಿತಾರಿನ ಬಳಕೆ ಎಲ್ಲರಿಗೂ ಕಾಣುವ ಭಾಗ. ಪಂಡಿತ್ ರವಿಶಂಕರ್ 1967ರಲ್ಲಿ ಅಮೆರಿಕದ ಮಾಂಟೆರೆ ಉತ್ಸವದಲ್ಲಿ, 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ನುಡಿಸಿದರು. ಪೆಂಟ್ಯಾಂಗಲ್‌ನ ಜಾನ್ ರೆನ್‌ಬೋರ್ನ್ ಇಂಗ್ಲಿಷ್ ಜನಪದ ಗೀತೆಗೇ ಸಿತಾರ್ ಸೇರಿಸಿದರು. ನನಗೆ ಹೆಚ್ಚು ಮುಖ್ಯವೆನಿಸುವುದು ಕಣ್ಣಿಗೆ ಕಾಣದ ಭಾಗ, ಅಂದರೆ ನಿರಂತರ ಶ್ರುತಿ. ಪಾಶ್ಚಾತ್ಯ ಹಾಡಿನಲ್ಲಿ ಆಧಾರದ ಸ್ವರಗುಚ್ಛ ಬದಲಾಗುತ್ತ ಹೋಗುತ್ತದೆ. ಷಡ್ಜವನ್ನು ಸ್ಥಿರವಾಗಿಟ್ಟು ಅದರ ಮೇಲೆ ರಾಗ ಬೆಳೆಸುವ ಕ್ರಮ ಅಲ್ಲಿನ ಯುವ ವಾದಕರಿಗೆ ಹೊಸ ದಾರಿ ತೋರಿತು.

ಗಿಟಾರ್ ವಾದಕ ಡೇವಿ ಗ್ರಹಾಂ ಇದರಲ್ಲಿ ಮೊದಲಿಗರು. ಮೊರಾಕ್ಕೊದಲ್ಲಿ ಊದ್ ವಾದನಕ್ಕೆ ಹೊಂದಿಕೊಳ್ಳಲು ಅವರು ತಮ್ಮ ಗಿಟಾರಿನ ಆರು ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಶ್ರುತಿ ಮಾಡಿಕೊಂಡರು. ಡಿ ಸ್ವರವನ್ನು ಷಡ್ಜವೆಂದು ಹಿಡಿದರೆ ಅದು ಸ-ಪ-ಸ-ಮ-ಪ-ಸ. ತಂಬೂರಿ ಮೀಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬ್ರಿಟಿಷ್ ಜನಪದ ಗಿಟಾರ್ ವಾದನದಲ್ಲಿ ಈ ಶ್ರುತಿ ಇಂದಿಗೂ ದಿನಬಳಕೆಯಲ್ಲಿದೆ.

ಯೆಸ್ ತಂಡ ಇನ್ನೊಂದು ಬಗೆಯಲ್ಲಿ ಭಾರತದತ್ತ ನೋಡಿತು. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ವಿಂಗಡಣೆಯನ್ನು ಓದಿದ ಜಾನ್ ಆ್ಯಂಡರ್ಸನ್ 1973ರಲ್ಲಿ ನಾಲ್ಕಕ್ಕೂ ಒಂದೊಂದು ಬದಿ ಮೀಸಲಿಟ್ಟು ಜೋಡಿ ಆಲ್ಬಂ ತಂದರು. ಅಡಿಟಿಪ್ಪಣಿಯೊಂದಕ್ಕೆ ಎಂಬತ್ತು ನಿಮಿಷದ ಭಾರ ಹೆಚ್ಚಾಯಿತೆಂಬುದು ನನ್ನ ಅಭಿಪ್ರಾಯ; ವೇಕ್‌ಮನ್ ಅವರಿಗೂ ಅದು ಒಗ್ಗದೆ 1974ರಲ್ಲಿ ತಂಡ ಬಿಟ್ಟರು.

ಮುಗಿದದ್ದು ಹೇಗೆ

ಪಂಕ್ ಎಂಬ ಸರಳ, ಒರಟು ರಾಕ್ ಬಂದು ಇದನ್ನೆಲ್ಲ ಗುಡಿಸಿ ಹಾಕಿತೆಂಬುದು ಪ್ರಚಲಿತ ಕಥೆ. ಇಸವಿಗಳು ಬೇರೆಯದನ್ನು ಹೇಳುತ್ತವೆ. ಪೆಂಟ್ಯಾಂಗಲ್‌ನ ಮೂಲ ಬಳಗ 1973ರಲ್ಲಿ, ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್ ಮತ್ತು ಕಿಂಗ್ ಕ್ರಿಮ್ಸನ್‌ನ ಮೊದಲ ಅವತಾರ 1974ರಲ್ಲಿ ಚದುರಿದವು; ಪೀಟರ್ ಗೇಬ್ರಿಯಲ್ 1975ರಲ್ಲಿ ಜೆನೆಸಿಸ್ ಬಿಟ್ಟರು. ಪಂಕ್ ಅಬ್ಬರಿಸಿದ್ದು 1976–77ರಲ್ಲಿ. ಅಷ್ಟರಲ್ಲಿ ಈ ಸಂಗೀತದ ಮೊದಲ ಪೀಳಿಗೆ ತನ್ನ ಮುಖ್ಯ ಕೆಲಸವನ್ನು ಮಾಡಿ ಮುಗಿಸಿತ್ತು.

ಎಲ್ಲಿಂದ ಕೇಳತೊಡಗಬೇಕು

ಮೊದಲು ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. ನಮ್ಮಲ್ಲಿ ಅನೇಕರಿಗೆ ಇದು ಈಗಾಗಲೇ ಪರಿಚಿತ. ತಂಡದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದೂ ಉಂಟು. ಹಾಡುಗಳು ಚಿಕ್ಕವು, ಆದರೆ ಒಂದರಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಸಾಗುವುದರಿಂದ ದೀರ್ಘ ಕೇಳ್ಮೆಗೆ ಕಿವಿ ಹದವಾಗುತ್ತದೆ. ಬಳಿಕ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ, ಅದರ ಮೇಲೆ ‘ಕ್ಲೋಸ್ ಟು ದಿ ಎಡ್ಜ್’. ಹಾಡುಗಳನ್ನು ಬಿಡಿಬಿಡಿಯಾಗಿ ಆರಿಸದೆ, ಕ್ರಮ ಬದಲಿಸದೆ, ತಟ್ಟೆಯ ಒಂದು ಬದಿಯನ್ನು ಒಂದು ಘಟಕವೆಂದು ಕೇಳಬೇಕು. ಜಾನಪದದ ಕಡೆ ಪೆಂಟ್ಯಾಂಗಲ್‌ನ 1969ರ ‘ಬಾಸ್ಕೆಟ್ ಆಫ್ ಲೈಟ್’ ಸುಲಭದ ಬಾಗಿಲು. ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ವಾಷ್ಟಿ ಬನ್ಯನ್ ಅವರ 1970ರ ‘ಜಸ್ಟ್ ಅನದರ್ ಡೈಮಂಡ್ ಡೇ’ಯನ್ನು ಮಾತ್ರ ಯಾವಾಗ ಬೇಕಾದರೂ ಕೇಳಬಹುದು. ಲಂಡನ್ನಿನಿಂದ ಸ್ಕಾಟ್ಲೆಂಡಿನ ದ್ವೀಪಗಳ ಕಡೆಗೆ ಕುದುರೆಗಾಡಿಯಲ್ಲಿ ಪಯಣಿಸುತ್ತ ಅವರು ಕಟ್ಟಿದ ಹಾಡುಗಳವು. ರಾಬಿನ್ ವಿಲಿಯಮ್ಸನ್ ಮತ್ತು ಸ್ವಾರ್ಬ್ರಿಕ್ ಇಬ್ಬರೂ ಅದರಲ್ಲಿ ನುಡಿಸಿದ್ದಾರೆ. ಆಗ ಕೊಳ್ಳುವವರು ಸಿಗದೆ ಅವರು ಹಾಡುವುದನ್ನೇ ಬಿಟ್ಟರು. 2000ದಲ್ಲಿ ಅದು ಮರುಮುದ್ರಣವಾದಾಗ ಹೊಸ ಪೀಳಿಗೆಯ ಸಂಗೀತಗಾರರು ಅವರನ್ನು ಹುಡುಕಿಕೊಂಡು ಹೋದರು. ಅವರ ಎರಡನೆಯ ಆಲ್ಬಂ ಬಂದದ್ದು 2005ರಲ್ಲಿ.